ಚೀಟಿ ಇಲ್ಲದ ಟ್ಯಾಂಕುಗಳು

ಜೋಡಿ ಮೀನು ಕೇಳಿಕೊಂಡು ಬಂದವರನ್ನು ಗಫಾರ್ ಭಾಯ್ ಬರಿಗೈಯಲ್ಲಿ ಕಳಿಸುತ್ತಿದ್ದರು. "ಇವು ಗುಂಪಿನ ಮೀನು ರೀ. ಎಂಟು ತಗೊಳ್ಳಿ, ಇಲ್ಲಾಂದ್ರೆ ಬೇಡ. ಎಂಟಕ್ಕಿಂತ ಕಮ್ಮಿ ಇದ್ರೆ ಕೊರಗಿ ಸಾಯ್ತವೆ," ಎಂದು ಬಲೆಯನ್ನು ಮೊಳೆಗೆ ನೇತುಹಾಕಿಬಿಡುತ್ತಿದ್ದರು. ಶಿವಾಜಿನಗರದಲ್ಲಿ ಗಿರಾಕಿಯನ್ನು ಹೀಗೆ ಓಡಿಸಿಯೂ ಅಂಗಡಿ ನಡೆಸಿದವರು ಅವರೊಬ್ಬರೇ ಇರಬೇಕು.

ನಾನು ಸಿ.ವಿ. ರಾಮನ್ ನಗರದ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳುವವಳು. ಶಾಲೆಯ ಟ್ಯಾಂಕಿಗೆ ಮೀನು ಕೊಳ್ಳಲು ಹೋದವಳು ಹತ್ತು ವರ್ಷ ಆ ಅಂಗಡಿಗೇ ಅಂಟಿಕೊಂಡೆ. ಅದಕ್ಕೆ ಕಾರಣ ಹಿಂದಿನ ಕೋಣೆಯಲ್ಲಿದ್ದ ಬೆರಳುದ್ದದ ರೈನ್‌ಬೋ ಮೀನುಗಳು. ನ್ಯೂಗಿನಿ ದ್ವೀಪದ ಒಂದು ಕೆರೆ ಬಿಟ್ಟರೆ ಆ ಜಾತಿ ಇನ್ನೆಲ್ಲೂ ಹುಟ್ಟಿದ್ದಲ್ಲ. ಯಾರೋ ಹೊರಗಿನ ಮೀನು ತಂದು ಬಿಟ್ಟ ಮೇಲೆ ಅಲ್ಲಿಯೂ ಅಳಿಯುತ್ತ ಬಂದಿದೆಯಂತೆ. ಮೀನು ಸಾಕುವುದನ್ನು ಕಲಿಸಿದ ಉಸ್ತಾದರು ಕೊಟ್ಟುಹೋದ ಆ ಸಂತತಿಯನ್ನು ಭಾಯ್ ಬೆರಕೆಯಾಗದಂತೆ ಕಾಪಾಡಿಕೊಂಡಿದ್ದರು. ಮಾರುತ್ತಿರಲಿಲ್ಲ. ಅವುಗಳ ಜೊತೆ ಉರ್ದುವಿನಲ್ಲಿ ಮಾತಾಡುತ್ತಿದ್ದರು. ಬೆಳಗಿನ ಬಿಸಿಲು ಬಿದ್ದಾಗ ಗಂಡುಗಳು ಹಸಿರಾಗಿ ಹೊಳೆಯುತ್ತ ರೆಕ್ಕೆ ಬಿಚ್ಚುತ್ತಿದ್ದವು. ಭಾಯ್ ಚಹಾ ಆರುವುದನ್ನೂ ಮರೆತು ನೋಡುತ್ತಿದ್ದರು.

ಅವರ ಒಂದು ಹಟ ಮಾತ್ರ ನನ್ನ ಪಿತ್ತ ನೆತ್ತಿಗೇರಿಸುತ್ತಿತ್ತು. ಯಾವ ಟ್ಯಾಂಕಿನ ಮೇಲೂ ಮೀನಿನ ಹೆಸರಿರಲಿಲ್ಲ.

"ಭಾಯ್, ಒಂದೊಂದು ಚೀಟಿ ಅಂಟಿಸಿ. ನಾನೇ ಬರ್ಕೊಡ್ತೀನಿ," ಎಂದರೆ, "ಮೀನಿಗೆ ಓದೋಕೆ ಬರುತ್ತಾ ಟೀಚರ್?" ಎನ್ನುತ್ತಿದ್ದರು.

"ನಿಮಗೆ ಹುಷಾರು ತಪ್ಪಿದ್ರೆ?"

"ತಪ್ಪಿದಾಗ ನೋಡೋಣ. ಮನೇಲಿ ಮಕ್ಕಳಿಗೆ ಯಾರಾದ್ರೂ ಚೀಟಿ ಅಂಟಿಸ್ತಾರಾ?"



ಹುಷಾರು ತಪ್ಪಿಯೇ ತಪ್ಪಿತು. ಎದೆನೋವೆಂದು ಆಸ್ಪತ್ರೆ ಸೇರಿದರು, ಅಂಗಡಿಯ ಬೀಗದಕೈ ಎರಡು ವಾರ ನನ್ನ ಬಳಿ ಇತ್ತು. ಮೂಲೆಯ ಚಿಕ್ಕ ಟ್ಯಾಂಕಿನಲ್ಲಿ ಮೂರೇ ಮೂರು ಹೆಣ್ಣು ರೈನ್‌ಬೋ ಮಂಕಾಗಿ ನಿಂತಿದ್ದವು. ಎಂಟಕ್ಕಿಂತ ಕಮ್ಮಿ. ಭಾಯ್ ಕಲಿಸಿದ ಪಾಠ ನನಗೆ ಬಾಯಿಪಾಠವಾಗಿತ್ತಲ್ಲ, ಅವನ್ನು ಹಿಡಿದು ಹಿಂದಿನ ಕೋಣೆಯ ದೊಡ್ಡ ಗುಂಪಿಗೆ ಬಿಟ್ಟೆ. ಕ್ಷಣದಲ್ಲಿ ಬೆರೆತು ಈಜತೊಡಗಿದವು. ಏನೋ ಪುಣ್ಯದ ಕೆಲಸ ಮಾಡಿದವಳಂತೆ ಬೀಗಿದೆ.

ಆಸ್ಪತ್ರೆಯಿಂದ ಬಂದ ಭಾಯ್ ಆ ಖಾಲಿ ಟ್ಯಾಂಕಿನ ಮುಂದೆ ನಿಂತರು. "ಇಲ್ಲಿದ್ದ ಮೂರು ಎಲ್ಲಿ?"

ನಡೆದದ್ದನ್ನು ಹೇಳಿದೆ. ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತರು. "ಅವು ಬೇರೆ ಕೆರೆಯ ಜಾತಿ ಟೀಚರ್, ಇವುಗಳ ಜೊತೆ ಬೆರಕೆಯಾಗಿಬಿಡ್ತವೆ. ಅವುಗಳ ಗಂಡು ಸಿಗೋವರೆಗೂ ಬೇರೆ ಇಟ್ಟಿದ್ದೆ."

"ಗುರುತು ಹಿಡಿದು ತೆಗೀರಿ ಮತ್ತೆ."

ಗಾಜಿಗೆ ಮುಖವಿಟ್ಟು ಬಹಳ ಹೊತ್ತು ನೋಡಿದರು. "ಗಂಡಾದ್ರೆ ಬಣ್ಣ ನೋಡಿ ಹೇಳ್ಬಿಡ್ತೀನಿ, ನಮ್ದು ಹಸಿರು, ಆ ಕೆರೇದು ಕೆಂಪು. ಹೆಣ್ಣೆಲ್ಲಾ ಒಂದೇ ಥರ. ಯಾವ ಟ್ಯಾಂಕಲ್ಲಿದೆ ಅನ್ನೋದೇ ಗುರುತು."

ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಬೈಯಲಿಲ್ಲ. ಒಂದು ತುಂಡು ಕಾಗದ ಸಾಕಿತ್ತಲ್ಲ ಎಂದು ಒಳಗೇ ಕುದಿದೆ. ಕೇಳದೆ ಕೈಹಾಕಿದ ನನ್ನ ಮೇಲೆಯೂ ಅಷ್ಟೇ ಸಿಟ್ಟು.

ಒಂದೇ ದಾರಿ ಉಳಿದಿತ್ತು. ಒಂದೊಂದೇ ಹೆಣ್ಣನ್ನು ಉಸ್ತಾದರ ಸಂತತಿಯ ಗಂಡುಗಳ ಜೊತೆ ಬೇರೆ ಇಟ್ಟು ಮರಿ ಮಾಡಿಸಬೇಕು. ಗಂಡುಮರಿಗಳ ಬಣ್ಣ ನೋಡಿದರೆ ತಾಯಿ ಯಾವ ಕೆರೆಯದೆಂದು ತಿಳಿಯುತ್ತದೆ. ಬಣ್ಣ ತುಂಬಿ ಬರಲು ವರ್ಷ ಬೇಕು. ಮೊದಲ ಹೆಣ್ಣನ್ನು ನನ್ನ ಮನೆಗೆ ಕೊಟ್ಟರು, ಜೊತೆಗೆ ಏಳು ಗಂಡು. ಅಲ್ಲಿಯೂ ಎಂಟರ ಪಟ್ಟು ಬಿಡಲಿಲ್ಲ ಮಹಾರಾಯರು.

ರಂಜಾನಿಗೆ ಮುಂಚೆ ನೋಡಲು ಹೋದಾಗ ಭಾಯ್ ಹಾಸಿಗೆ ಹಿಡಿದಿದ್ದರು. "ಬಣ್ಣ ಬಂತಾ ಟೀಚರ್?"

"ಇನ್ನೂ ಇಲ್ಲ ಭಾಯ್."

"ಬರುತ್ತೆ. ಬಂದ ದಿನ ತಂದು ತೋರ್ಸಿ. ಒಂದ್ಸಲ ನೋಡಿದ್ರೆ ಸಾಕು ನಂಗೆ."

ಮತ್ತೆ ಅವರನ್ನು ನೋಡಲಿಲ್ಲ. ಹಬ್ಬಕ್ಕೆ ಮೊದಲೇ ಹೋಗಿಬಿಟ್ಟರು.

ಈಗ ಬಣ್ಣ ಬಂದಿದೆ. ಬೆಳಗಿನ ಬಿಸಿಲಿಗೆ ಗಂಡುಮರಿಗಳು ರೆಕ್ಕೆ ಬಿಚ್ಚುತ್ತವೆ. ಹಸಿರೇನೋ ಇದೆ, ಅಂಚಿನಲ್ಲಿ ತುಸು ಕೆಂಪೂ ಇದ್ದಂತಿದೆ. ಅದು ಎಳೆತನದ ಕೆಂಪೋ ಬೆರಕೆಯ ಕೆಂಪೋ ನನಗೆ ತಿಳಿಯುವುದಿಲ್ಲ. ಮರಿಗಳು ಹುಟ್ಟಿದ ದಿನವೇ ಟ್ಯಾಂಕಿಗೆ ಚೀಟಿ ಅಂಟಿಸಿದ್ದೆ. ಅದರಲ್ಲಿ ಇನ್ನೂ ಏನೂ ಬರೆದಿಲ್ಲ.