ಮುಸುಕಿನಕ್ಕ ಮತ್ತು ಪರದೆಗೆ ಅಂಟಿದ ಮುಖ

ನಮ್ಮ ಟಿವಿ ಸರ್ವೀಸ್ ಸೆಂಟರಿನಲ್ಲಿ ಆಗ ಹದಿನೇಳು ಜನ ಇದ್ದೆವು. ಟಿವಿಯ ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ಗೊತ್ತಿದ್ದವರು ಒಬ್ಬರೇ. ಉಳಿದ ಹದಿನಾರು ಜನರಲ್ಲಿ ನಾನೂ ಸೇರಿದ್ದೆ. ದೂರು ಬರೆದುಕೊಳ್ಳುವ ಕೌಂಟರಿನಲ್ಲಿ ಕುಳಿತು, ಬಂದವರಿಗೆಲ್ಲ 'ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?' ಎಂದು ಕೇಳುವುದೇ ನನ್ನ ವಿದ್ಯೆ. ಹಾಗಾಗಿ ಇನ್ನೊಬ್ಬರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಆದರೂ ಆಡಿಕೊಳ್ಳುತ್ತೇನೆ.

ಗೊತ್ತಿದ್ದ ಆ ಒಬ್ಬರಿಗೆ ನಾವಿಟ್ಟ ಹೆಸರು ಮುಸುಕಿನಕ್ಕ. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಂಗಸು. ವಾರಂಟಿ ಕೇಳಿ ಬಂದ ಟಿವಿಗಳನ್ನು ಪರೀಕ್ಷೆ ಮಾಡಿ, ತಪ್ಪು ಕಂಪನಿಯದೋ ಗಿರಾಕಿಯದೋ ಎಂದು ವರದಿ ಬರೆಯುವುದು ಅವರ ಕೆಲಸ. ಹೆಗಲ ಚೀಲದಲ್ಲಿ ತಾವೇ ಹೊಲಿದ ದಪ್ಪ ಕಪ್ಪು ಬಟ್ಟೆಯೊಂದು ಸದಾ ಇರುತ್ತಿತ್ತು. ಅದನ್ನು ಪರದೆಯ ಮೇಲಿಂದ ಇಳಿಬಿಟ್ಟು, ಒಳಗೆ ತಲೆ ತೂರಿಸಿ, ಹತ್ತು ನಿಮಿಷ ನೋಡುತ್ತಿದ್ದರು. "ಬೆಳಕಿರೋ ಕೋಣೇಲಿ ಪರದೆ ನೋಡೋದು ಅಂದ್ರೆ ಸಂತೇಲಿ ನಿಂತು ಗುಟ್ಟು ಕೇಳಿಸ್ಕೊಂಡ ಹಾಗೆ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಗೊತ್ತಿಲ್ಲದವರಿಗೆ ನಗುವುದು ಸುಲಭದ ಕೆಲಸ.

ಹತ್ತೊಂಬತ್ತನೇ ವಯಸ್ಸಿಗೆ ಅವರು ಹಳೇ ಕಾಲದ ಗಾಜಿನ ಟ್ಯೂಬಿನ ಟಿವಿ ಜೋಡಿಸುವ ಕಾರ್ಖಾನೆಗೆ ಸೇರಿದ್ದರಂತೆ. ಕೆಂಪು, ಹಸಿರು, ನೀಲಿ ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂತು ಬಿಳಿಯಾದವೇ ಎಂದು ನೋಡುವುದು ಅವರ ಪಾಲಿಗೆ ಬಂದ ಕೆಲಸ. ಹನ್ನೊಂದು ವರ್ಷ ಅದನ್ನೇ ನೋಡಿದರು. ಕಾರ್ಖಾನೆ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು, ಇವರು ನಮ್ಮಲ್ಲಿಗೆ ಬಂದರು. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಅಲ್ಲಿ ಇವರೂ ಇವರ ತಾಯಿಯೂ ಇಬ್ಬರೇ. ಕೆಟ್ಟ ಪ್ಯಾನೆಲುಗಳ ಒಡೆದ ತುಂಡುಗಳನ್ನು ಮನೆಗೆ ಒಯ್ದು, ಇಸ್ತ್ರಿ ಮೇಜಿನ ಮೇಲೆ ಹರವಿ, ಭೂತಗನ್ನಡಿಯಲ್ಲಿ ನೋಡುತ್ತ ಕೂರುತ್ತಿದ್ದರು. "ಬೇರೆಯವರ ಮಕ್ಕಳು ಮನೆಗೆ ಹಣ್ಣು ತರ್ತಾರೆ, ನನ್ನ ಮಗಳು ಗಾಜು ತರ್ತಾಳೆ" ಎಂದು ತಾಯಿ ಎದುರುಮನೆಯವರಿಗೆ ಹೇಳುತ್ತಿದ್ದರಂತೆ.

ಆ ವರ್ಷ ನಮ್ಮ ಕಂಪನಿ ಕ್ವಾಂಟಮ್ ಡಾಟ್ ಒಎಲ್‌ಇಡಿ ಎಂಬ ಹೊಸ ಬಗೆಯ ಟಿವಿ ತಂದಿತು. ಅದನ್ನು ನಮಗೆ ಕಲಿಸಲು ಕುತ್ತಿಗೆಗೆ ಟೈ ಬಿಗಿದ ಒಬ್ಬ ತರಬೇತುದಾರ ಬಂದ. ಅರ್ಧ ದಿನದ ತರಬೇತಿ, ಅದರಲ್ಲಿ ಕಾಲು ಭಾಗ ಚಹಾ. ಬಣ್ಣಬಣ್ಣದ ಗೋಲಿಗಳು ಆಕಾಶದಲ್ಲಿ ಹಾರುವ ಚಿತ್ರ ತೋರಿಸಿ, "ಇದು ಮುಂದಿನ ಪೀಳಿಗೆಯ ಅನುಭವ" ಎಂದ.

ಮುಸುಕಿನಕ್ಕ ಎದ್ದು ನಿಂತರು. "ಅನುಭವ ಆಮೇಲೆ ಹೇಳಿ ಸರ್. ಬೆಳಕು ಎಲ್ಲಿಂದ ಬರುತ್ತೆ ಅಂತ ಮೊದಲು ಹೇಳಿ."

ಆತ ಗೋಲಿಗಳ ಕಡೆ ನೋಡಿದ. "ಅದು ಒಳಗಿಂದಾನೇ ಬರುತ್ತೆ ಮೇಡಂ" ಎಂದ. ಆಮೇಲೆ ಬಿಸ್ಕತ್ತು ಹಂಚಿದರು. ನಮಗೆಲ್ಲ ಪ್ರಮಾಣಪತ್ರ ಸಿಕ್ಕಿತು. ನನ್ನದಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದೇನೆ.

ಅಕ್ಕನಿಗೆ ಬಿಸ್ಕತ್ತಿನಿಂದ ಸಮಾಧಾನವಾಗಲಿಲ್ಲ. ಸಾಗಿಸುವಾಗ ಬಿದ್ದು ಒಡೆದ ಇಂಥದೊಂದು ಪ್ಯಾನೆಲಿನ ಚೂರು ಸಿಕ್ಕಿತು. ಕಂಪನಿಯ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು, ಎರಡು ತಿಂಗಳು ಅದನ್ನೇ ತಿರುವಿ ಹಾಕಿದರು.

ಮರುವರ್ಷ ಒಂದು ಕೋಚಿಂಗ್ ಸೆಂಟರಿನಿಂದ ದೂರು ಬಂತು.

ಹನ್ನೆರಡು ಶಾಖೆಗಳಿದ್ದ ದೊಡ್ಡ ಸಂಸ್ಥೆ ಅದು. ಮುಖ್ಯ ಕಚೇರಿಯ ಸ್ವಾಗತ ಕೋಣೆಯಲ್ಲಿ ಅರವತ್ತೈದು ಇಂಚಿನ ನಮ್ಮ ಹೊಸ ಟಿವಿ. ಕರೆ ಮಾಡಿದ ಸ್ವಾಗತಕಾರಿಣಿ ದನಿ ತಗ್ಗಿಸಿ, "ಸರ್, ಯಾವ ಚಾನೆಲ್ ಹಾಕಿದ್ರೂ ನಮ್ಮ ದೊಡ್ಡವರ ಮುಖ ಹೋಗ್ತಾನೇ ಇಲ್ಲ" ಎಂದಳು. ಆಫ್ ಮಾಡಿ ಆನ್ ಮಾಡಿದ್ರಾ ಎಂದೆ. ಮಾಡಿದ್ದರಂತೆ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಅಷ್ಟು ದೊಡ್ಡ ಟಿವಿಯನ್ನು ಗೋಡೆಯಿಂದ ಇಳಿಸಲು ಇಬ್ಬರು ಬೇಕು. ಜೊತೆಯ ಮೆಕ್ಯಾನಿಕ್ ರಜೆಯಲ್ಲಿದ್ದ. ಹೀಗೆ ನಾನೂ ಅಕ್ಕನ ಜೊತೆ ಹೊರಟೆ.

ದೊಡ್ಡವರು ಎಂದರೆ ಸಂಸ್ಥಾಪಕರು. ಅರವತ್ತರ ಆಸುಪಾಸಿನವರು, ಆದರೆ ತಲೆ ತುಂಬ ಕಾಡಿಗೆಯಂಥ ಕಪ್ಪು ಕೂದಲು. ತಮ್ಮ ಭಾವಚಿತ್ರವನ್ನೇ ಆ ಟಿವಿಗೆ ಹಾಕಿಸಿದ್ದರು: ಬಿಳಿ ಶರ್ಟು, ಮೂವತ್ತೆರಡೂ ಹಲ್ಲು ಕಾಣುವ ನಗು, ಕೆಳಗೆ 'ಯಶಸ್ಸಿಗೆ ಅಡ್ಡದಾರಿ ಇಲ್ಲ' ಎಂದು ದಪ್ಪ ಬಿಳಿ ಅಕ್ಷರ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಭಾನುವಾರ ಬಿಟ್ಟು ಹನ್ನೊಂದು ತಿಂಗಳು, ಅದೊಂದೇ ಚಿತ್ರ. ಸಾಕ್ಷಾತ್ ದೇವರಿಗೂ ಭಕ್ತರು ಇಷ್ಟು ಹೊತ್ತು ದೀಪ ಹಚ್ಚಿಡುವುದಿಲ್ಲ.

"ಕಳಪೆ ಗಾಜು" ಎಂದರು ಸಂಸ್ಥಾಪಕರು, ನಾವು ಚಪ್ಪಲಿ ಬಿಡುವ ಮೊದಲೇ. "ನನ್ನ ಫೋಟೋನ ಹೀರಿಕೊಂಡು ಕೂತಿದೆ. ನಮ್ಮ ಫಿಸಿಕ್ಸ್ ಮೇಷ್ಟ್ರುಗಳನ್ನೇ ಕೇಳಿ."

ಪಕ್ಕದಲ್ಲಿ ಇಬ್ಬರು ಭೌತಶಾಸ್ತ್ರದ ಮೇಷ್ಟ್ರುಗಳು ಕೈಕಟ್ಟಿ ನಿಂತಿದ್ದರು. ಇಬ್ಬರೂ ಕೋಲೆ ಬಸವನ ಹಾಗೆ ತಲೆ ಆಡಿಸಿದರು. ಇಷ್ಟು ವಿದ್ಯೆ ಕಲಿತ ತಲೆ ಇಷ್ಟು ಸಲೀಸಾಗಿ ಆಡುವುದನ್ನು ನಾನು ಅದೇ ಮೊದಲು ನೋಡಿದ್ದು.

ಅಕ್ಕ ರಿಮೋಟು ತೆಗೆದುಕೊಂಡು, ಸರ್ವೀಸಿನವರಿಗಷ್ಟೇ ತೆರೆಯುವ ಪುಟವನ್ನು ತೆರೆದರು. ಟಿವಿ ಉರಿದ ಹೊತ್ತು ಮೂರು ಸಾವಿರದ ನಾನೂರು ಗಂಟೆ. ತನ್ನನ್ನು ತಾನು ಸರಿಪಡಿಸಿಕೊಂಡದ್ದು ಸೊನ್ನೆ ಸಲ.

"ರಾತ್ರಿ ಟಿವಿನ ರಿಮೋಟಲ್ಲಿ ಆಫ್ ಮಾಡ್ತೀರೋ, ಗೋಡೆ ಸ್ವಿಚ್ಚೇ ತೆಗೀತೀರೋ?" ಎಂದು ಕೇಳಿದರು.

"ಗೋಡೆ ಸ್ವಿಚ್ಚು" ಎಂದಳು ಸ್ವಾಗತಕಾರಿಣಿ. "ಕರೆಂಟ್ ಉಳಿಸ್ಬೇಕು ಅಂತ ದೊಡ್ಡವರ ಆರ್ಡರ್."

"ಅಲ್ಲೇ ಎಡವಟ್ಟಾಗಿರೋದು" ಎಂದು ಅಕ್ಕ ಸಂಸ್ಥಾಪಕರ ಕಡೆ ತಿರುಗಿದರು. "ಸರ್, ಈ ಟಿವಿ ಹಿಂದೆ ಬಿಳಿ ದೀಪ ಅಂತ ಏನೂ ಇಲ್ಲ. ತೆಳ್ಳಗಿನ ಒಂದು ಪದರ ಇದೆ, ಕರೆಂಟ್ ಹರಿದ್ರೆ ಅದೇ ನೀಲಿಯಾಗಿ ಬೆಳಗುತ್ತೆ. ಇಡೀ ಟಿವಿಗೆ ಹುಟ್ಟೋ ಬೆಳಕು ನೀಲಿ ಒಂದೇ. ಪ್ರತಿ ಚುಕ್ಕೇಲೂ ಮೂರು ಮನೆ ಅಂದ್ಕೊಳ್ಳಿ. ಒಂದು ಮನೆಯಿಂದ ನೀಲಿ ಹಾಗೇ ಆಚೆ ಬರುತ್ತೆ. ಉಳಿದ ಎರಡರ ಬಾಗಿಲಿಗೆ ಕ್ವಾಂಟಮ್ ಡಾಟ್ ಅನ್ನೋ ಕಣಗಳನ್ನ ಹಚ್ಚಿರ್ತಾರೆ. ಒಂದು ಕೂದಲಿನ ದಪ್ಪದಲ್ಲಿ ಹತ್ತು ಸಾವಿರ ಕಣ ಸಾಲಾಗಿ ನಿಲ್ಲುತ್ತೆ, ಅಷ್ಟು ಸಣ್ಣದು. ಅವು ನೀಲಿ ಬೆಳಕನ್ನ ನುಂಗಿ ಬೇರೆ ಬಣ್ಣ ಉಗುಳ್ತವೆ. ಕಣ ಕೊಂಚ ದೊಡ್ಡದಾದ್ರೆ ಕೆಂಪು, ಚಿಕ್ಕದಾದ್ರೆ ಹಸಿರು. ಬಣ್ಣ ಬಳಿದಿರೋದಲ್ಲ ಸರ್, ಗಾತ್ರವೇ ಬಣ್ಣ."

ಇಬ್ಬರಲ್ಲಿ ಚಿಕ್ಕ ಮೇಷ್ಟ್ರ ಮುಖ ಅರಳಿತು. "ಹೌದು ಹೌದು, ಇದು ನಮ್ಮ ಸಿಲೆಬಸ್‌ನಲ್ಲೂ..." ಎಂದು ಬಾಯಿ ತೆರೆದವರು ಸಂಸ್ಥಾಪಕರ ಕಣ್ಣು ನೋಡಿ, ಉಳಿದದ್ದನ್ನು ನುಂಗಿಕೊಂಡರು.

"ಆ ಪದರ ಉರಿದಷ್ಟೂ ಸವೆಯುತ್ತೆ" ಎಂದು ಅಕ್ಕ ಮುಂದುವರಿಸಿದರು. "ಚಿತ್ರ ಬದಲಾಗ್ತಾ ಇದ್ರೆ ಎಲ್ಲ ಕಡೆ ಒಂದೇ ಸಮ ಸವೆಯುತ್ತೆ, ಕಣ್ಣಿಗೆ ಕಾಣಲ್ಲ. ಆಫ್ ಮಾಡಿದ ಮೇಲೆ, ಎಲ್ಲಿ ಎಷ್ಟು ಸವೆದಿದೆ ಅಂತ ಟಿವಿನೇ ಅಳೆದು ಸರಿದೂಗಿಸ್ಕೊಳ್ಳುತ್ತೆ. ಅದಕ್ಕೆ ಗೋಡೆಯಿಂದ ಕರೆಂಟ್ ಬರ್ತಾ ಇರ್ಬೇಕು. ನೀವು ಹಗಲೆಲ್ಲ ಒಂದೇ ಕಡೆ ಉರಿಸಿ, ರಾತ್ರಿ ಉಸಿರೇ ಕಟ್ಟಿಸಿದ್ದೀರ. ಇದು ಕಂಪನಿ ತಪ್ಪಲ್ಲ."

"ನನಗೆ ಪಾಠ ಮಾಡ್ತೀರಾ? ಏನು ಓದಿದ್ದೀರಿ ನೀವು?"

"ಎಸ್ಸೆಸ್ಸೆಲ್ಸಿ. ತೋರಿಸ್ತೀನಿ ಬನ್ನಿ."

ಅಕ್ಕ ಪರದೆಗೆ ಬರೀ ಬೂದು ಬಣ್ಣ ಹಾಕಿದರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮಸುಕಾಗಿ ಏನೋ ಕಂಡಿತು, ಅಷ್ಟೇ. ಅವರು ಚೀಲದಿಂದ ಕಪ್ಪು ಬಟ್ಟೆ ತೆಗೆದು ಇಳಿಬಿಟ್ಟರು. ಸಂಸ್ಥಾಪಕರು ಮೂಗು ಮುರಿಯುತ್ತ ತಲೆ ಒಳಗೆ ಹಾಕಿದರು. ಮೇಷ್ಟ್ರುಗಳು ಒಂದು ಪಕ್ಕದಿಂದ, ನಾನು ಇನ್ನೊಂದು ಪಕ್ಕದಿಂದ ಇಣುಕಿದೆವು.

ಮುಖ ಸ್ಪಷ್ಟವಾಗಿ ಇತ್ತು. ಆದರೆ ಎಲ್ಲ ತಿರುಗುಮುರುಗು. ಹೊಳೆಯುವ ಬಿಳಿ ಹಲ್ಲು ತೋರಿಸಲು ಹನ್ನೊಂದು ತಿಂಗಳು ದುಡಿದ ಚುಕ್ಕೆಗಳು ಹೆಚ್ಚು ಸವೆದು ಮಂಕಾಗಿದ್ದವು, ಹಾಗಾಗಿ ಹಲ್ಲೆಲ್ಲ ಕಪ್ಪು. ಬಿಳಿ ಶರ್ಟು ಮಸಿ ಹಿಡಿದ ಪಾತ್ರೆ ಒರೆಸಿದ ಬಟ್ಟೆಯ ಹಾಗಿತ್ತು. ಕಪ್ಪು ಕೂದಲಿದ್ದ ಜಾಗದ ಚುಕ್ಕೆಗಳು ಮಾತ್ರ ದುಡಿಯದೆ ಹೊಸದಾಗಿಯೇ ಉಳಿದಿದ್ದವು. ಈ ಟಿವಿಯಲ್ಲಿ ಕಪ್ಪು ಎಂದರೆ ಆ ಚುಕ್ಕೆ ಆರಿರುವುದು. ಬೂದು ಹಾಕಿದಾಗ ಸುತ್ತಲಿಗಿಂತ ಹೆಚ್ಚು ಬೆಳಗಿದ್ದು ಆ ಜಾಗವೇ. ಬೆಳ್ಳನೆಯ ತಲೆ, ಕಪ್ಪು ಹಲ್ಲು ಬಿಟ್ಟು ನಗುವ ಮುದುಕರೊಬ್ಬರು ಸಂಸ್ಥಾಪಕರನ್ನೇ ನೋಡುತ್ತಿದ್ದರು.

ಹಿಂದಿನಿಂದ ಇಣುಕಿದ ಸ್ವಾಗತಕಾರಿಣಿಗೆ ಕೆಮ್ಮು ಬಂತು. ಅಂಥ ಕೆಮ್ಮು ನನಗೂ ಬಂತು. ಸಂಸ್ಥಾಪಕರು ಬಟ್ಟೆಯಿಂದ ತಲೆ ಹೊರಗೆಳೆದುಕೊಂಡು, ಬೆರಳಿನಿಂದ ಕೂದಲು ನೇವರಿಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ನಿಮ್ಮ ಮ್ಯಾನೇಜರ್ ಹತ್ರ ಮಾತಾಡ್ತೀನಿ" ಎಂದರು.

ನಾವು ಕಚೇರಿ ಸೇರುವ ಮೊದಲೇ ಮಾತಾಡಿದ್ದರು. ನಮ್ಮ ಮ್ಯಾನೇಜರ್ ಬೆನ್ನುಮೂಳೆ ಇಲ್ಲದೆಯೂ ನೆಟ್ಟಗೆ ಕೂರಬಲ್ಲ ಅಪರೂಪದ ಮನುಷ್ಯ. ಉಳಿದ ಶಾಖೆಗಳಿಗೂ ನಮ್ಮ ಟಿವಿಯನ್ನೇ ಕೊಳ್ಳುವುದಾಗಿ ಸಂಸ್ಥಾಪಕರು ಆಸೆ ತೋರಿಸಿದ್ದರು. ಆದರೆ ಅಕ್ಕ ಬಟ್ಟೆಯೊಳಗೆ ತೆಗೆದ ಫೋಟೋ ಸಮೇತ ವರದಿಯನ್ನು ಕೋಚಿಂಗ್ ಸೆಂಟರಿನಿಂದಲೇ ಮೊಬೈಲಿನಲ್ಲಿ ಕಂಪನಿಯ ಕಂಪ್ಯೂಟರಿಗೆ ಕಳಿಸಿಯಾಗಿತ್ತು.

"ತಯಾರಿಕೆಯ ದೋಷ ಅಂತ ಹೊಸದಾಗಿ ಬರ್ಕೊಡಿ" ಎಂದರು ಮ್ಯಾನೇಜರ್. "ಒಂದು ಸಾಲು ತಾನೇ ಅಕ್ಕ?"

"ಒಂದೇ ಸಾಲು ಸರ್. ಸುಳ್ಳು ಸಾಲು."

"ನಿಮಗೇನು ಗಂಟು ಹೋಗುತ್ತೆ?"

"ಅದು ಸರಿಯಾಗೇ ಕೆಲಸ ಮಾಡಿದೆ ಸರ್. ಮಾಡು ಅಂದಿದ್ದನ್ನೇ ಮಾಡಿ ಸವೆದಿದೆ. ಅದನ್ನ ಕೆಟ್ಟ ಮಾಲು ಅಂತ ನಾನು ಬರೆಯಲ್ಲ. ಬೇಕಾದ್ರೆ ನೀವೇ ಬರೆದು ಸೈನ್ ಹಾಕಿ."

ಇಷ್ಟು ಹೇಳಿ ಹೊರಗೆ ಬಂದರು. ಚಹಾದ ಲೋಟ ಹಿಡಿದು ನನ್ನ ಪಕ್ಕ ಕುಳಿತರು. "ಕೆಲಸ ಹೋದ್ರೆ ಅಮ್ಮನ ಮಾತ್ರೆಗೆ ಏನ್ ಮಾಡ್ಲಿ ಅಂತ ಆಗ್ಲೇ ಯೋಚನೆ ಬಂತು ನೋಡು. ಇಂಥ ಧೈರ್ಯ ನನ್ನದು" ಎಂದರು. ಮ್ಯಾನೇಜರ್ ಎದುರು ನಾನೂ ಬಾಯಿ ಬಿಟ್ಟಿರಲಿಲ್ಲ, ಎಲ್ಲವನ್ನೂ ಕಣ್ಣಾರೆ ಕಂಡಿದ್ದರೂ. ಮೇಷ್ಟ್ರುಗಳನ್ನು ನೋಡಿ ನಕ್ಕ ಬಾಯಿ ಅದು.

ಮ್ಯಾನೇಜರ್ ತಾವೇ ಸಹಿ ಹಾಕಿದರು. ಕೋಚಿಂಗ್ ಸೆಂಟರಿಗೆ ಪುಕ್ಕಟೆ ಹೊಸ ಪ್ಯಾನೆಲ್ ಹೋಯಿತು. ಅಕ್ಕನನ್ನು ಕಂಪನಿಯ ಬಟ್ಟೆ ಒಗೆಯುವ ಯಂತ್ರಗಳ ವಿಭಾಗಕ್ಕೆ ಹಾಕಿದರು. ಮೂವತ್ತು ವರ್ಷ ಬೆಳಕು ನೋಡಿದ ಕಣ್ಣಿಗೆ ಕೊಳೆ ನೀರಿನ ಪೈಪು. ಮನೆಯಲ್ಲಿ ತಾಯಿ ಎಲ್ಲ ಕೇಳಿ, "ಅವನ ಮುಖ ಅಳಿಸೋಕೆ ಆಗೋದೇ ಇಲ್ವೇನೇ?" ಎಂದರಂತೆ. "ಆಗುತ್ತಮ್ಮ, ಉಳಿದ ಪರದೆ ಎಲ್ಲಾನೂ ಅಷ್ಟೇ ಸವೆಸಿದ್ರೆ" ಎಂದರಂತೆ ಅಕ್ಕ. ಅದಕ್ಕೆ ಮುದುಕಿ, "ಅಂಥವರಿಗೆ ಅದೇನು ಹೊಸದಾ? ಸುತ್ತ ಇರೋರನ್ನ ಸವೆಸಿಯೇ ಅಲ್ವಾ ಅವರು ಹೊಳೆಯೋದು" ಎಂದು ಕಾಲು ಚಾಚಿದರಂತೆ.

ಮ್ಯಾನೇಜರಿಗೆ ಒಂದು ಸಂಗತಿ ಹೊಳೆದಿರಲಿಲ್ಲ. ತಯಾರಿಕೆಯ ದೋಷ ಎಂದು ಬರೆದ ಪ್ಯಾನೆಲು ಕಾರ್ಖಾನೆಗೆ ವಾಪಸ್ ಹೋಗುತ್ತದೆ. ದೋಷ ಏನೆಂದು ಅಲ್ಲಿನವರು ಬಿಚ್ಚಿ ನೋಡುತ್ತಾರೆ. ನೋಡಿದರು. ಮೂರು ಸಾವಿರದ ನಾನೂರು ಗಂಟೆ, ಸರಿಪಡಿಸಿಕೊಂಡದ್ದು ಸೊನ್ನೆ, ಜೊತೆಗೆ ಕಪ್ಪು ಹಲ್ಲಿನ ನಗು. ಒಂದೇ ಟಿವಿಗೆ ಎರಡು ವರದಿ ಏಕೆ, ಎರಡನೆಯದಕ್ಕೆ ಸಹಿ ಮಾಡಿದ ಮಹಾನುಭಾವ ಯಾರು ಎಂದು ಪತ್ರ ಬಂತು. ಮ್ಯಾನೇಜರ್ ಮೂರು ದಿನ ಹೊಟ್ಟೆನೋವೆಂದು ರಜೆ ಹಾಕಿದರು. ಆಮೇಲೆ ಅವರನ್ನು ಗೋದಾಮಿಗೆ ವರ್ಗ ಮಾಡಿದರು. ಅಲ್ಲಿಯೂ ನೆಟ್ಟಗೇ ಕೂತಿದ್ದಾರೆಂದು ಕೇಳಿದ್ದೇನೆ. ಸಂಸ್ಥಾಪಕರು ಉಳಿದ ಶಾಖೆಗಳಿಗೆ ಬೇರೆ ಕಂಪನಿಯ ಟಿವಿಗಳನ್ನು ಕೊಂಡರು. ಅವುಗಳಲ್ಲಿಯೂ ಅದೇ ಭಾವಚಿತ್ರ ಉರಿಯುತ್ತಿದೆ.

ಅಕ್ಕನಿಗೆ ಶಾಲು ಹೊದಿಸಿದರು ಎಂದುಕೊಳ್ಳಬೇಡಿ. 'ಗಿರಾಕಿಗಳೊಡನೆ ಮಾತು ಮೃದುವಾಗಿರಲಿ' ಎಂಬ ಬುದ್ಧಿಮಾತಿನ ಪತ್ರದೊಂದಿಗೆ ಹಳೇ ಕೆಲಸಕ್ಕೆ ವಾಪಸ್ ಹಾಕಿದರು. ಸಂಬಳ ಇದ್ದಷ್ಟೇ. ಆದರೆ ಮುಖ್ಯ ಕಚೇರಿಯವರು ಅಕ್ಕ ತೆಗೆದ ಆ ಫೋಟೋವನ್ನು ತರಬೇತಿ ಪುಸ್ತಕಕ್ಕೆ ಸೇರಿಸಿದ್ದಾರೆ. ಗುರುತು ಸಿಗಬಾರದೆಂದು ಕಣ್ಣಿನ ಮೇಲೆ ಒಂದು ಕಪ್ಪು ಪಟ್ಟಿ ಎಳೆದು, ಹಲ್ಲನ್ನು ಹಾಗೆಯೇ ಬಿಟ್ಟಿದ್ದಾರೆ. ಗೋಲಿ ಹಾರಿಸುವ ಟೈ ತರಬೇತುದಾರನಿಗೆ ಆ ಪುಟ ವಿವರಿಸಲು ಬರದೆ, ವರ್ಷಕ್ಕೆರಡು ಸಲ ಅಕ್ಕನನ್ನು ಕರೆಸುತ್ತಾರೆ.

ಹೋದ ಸಲ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಹೊಸದಾಗಿ ಸೇರಿದ ಮೆಕ್ಯಾನಿಕ್ ಒಬ್ಬಳು ಕೈ ಎತ್ತಿ, "ಅಕ್ಕ, ಕೆಂಪು ಹಸಿರು ಕಣಗಳೂ ಸವೆಯಲ್ವಾ?" ಎಂದು ಕೇಳಿದಳು.

ಅಕ್ಕ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. "ಅವೂ ಸವೀತಾವೆ, ಆದ್ರೆ ನಿಧಾನ. ಮೊದಲು ಸೋಲೋದು ಹಿಂದಿನ ನೀಲಿ" ಎಂದರು. "ಮುಂದೆ ಬಂದು ಕೂತ್ಕೋ."