ಫೋನಿಗೆ ಹಚ್ಚಿದ ವಿಭೂತಿ

ಭೋಸರಿಯ ಕಾರ್ಖಾನೆ ರಸ್ತೆಗಳಲ್ಲಿ ಆಟೋ ಓಡಿಸುತ್ತಲೇ ನನ್ನ ಕೂದಲು ಹಣ್ಣಾದವು. ಯಾವ ಗೇಟಿನಲ್ಲಿ ಯಾವ ಪಾಳಿ ಯಾವಾಗ ಬಿಡುತ್ತದೆ ಎಂಬುದು ನನಗೆ ಗೊತ್ತು. ಅಲ್ಲಿನ ಕಾವಲುಗಾರರಿಗೆ, ಚಹಾದವರಿಗೆ ನಾನೂ ಗೊತ್ತು. ನನ್ನ ಗುರುತು ಸಿಗದಿರುವುದು ನನ್ನದೇ ಜೇಬಿನ ಫೋನಿಗೆ ಮಾತ್ರ.

ಈಗ ಕೈ ಮಾಡಿ ಆಟೋ ನಿಲ್ಲಿಸುವವರು ಕಡಿಮೆ. ಎಲ್ಲರೂ ಆ್ಯಪ್‌ನಲ್ಲೇ ಕರೆಯುತ್ತಾರೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಓಡಿಸಬಾರದು, ಪ್ರಯಾಣಿಕರ ಸುರಕ್ಷತೆ ಮುಖ್ಯ ಎಂದು ಸರಕಾರ ನಿಯಮ ಮಾಡಿತು. ಮಾತು ಸರಿಯೇ. ಕಂಪನಿಯವರು ಅದನ್ನು ಜಾರಿಗೆ ತಂದ ರೀತಿ ಮಾತ್ರ ಹೇಸಿಗೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮುಖ ತೋರಿಸು ಎನ್ನುತ್ತದೆ. ಕಣ್ಣು ಮಿಟುಕಿಸು, ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಕೋತಿ ಆಡಿಸುತ್ತದೆ. ಒಪ್ಪಿಗೆಯಾದರೆ ಬಾಡಿಗೆ ಸಿಗುತ್ತದೆ. ಇಲ್ಲವಾದರೆ ಅವತ್ತು ಮನೆಗೆ ಹೋಗಿ ಮಲಗಬೇಕು.

ನನ್ನ ಗ್ರಹಚಾರ, ಫೋಟೋ ಕೊಡಲು ನಿಗಡಿಯಲ್ಲಿರುವ ಕಂಪನಿಯ ಆಫೀಸಿಗೆ ಶ್ರಾವಣ ಸೋಮವಾರದ ಪೂಜೆ ಮುಗಿಸಿ ನೇರವಾಗಿ ಹೋದೆ. ನಾವು ಬೀದರ ಕಡೆಯ ಲಿಂಗಾಯತರು. ಹಣೆಯ ಉದ್ದಕ್ಕೂ ಮೂರು ಬೆರಳಿನ ವಿಭೂತಿ ಇತ್ತು. ಅದೇ ಮುಖವನ್ನು ಆ್ಯಪ್‌ನ ಒಳಗೆ ಹಾಕಿಕೊಂಡರು. ಮರುದಿನ ಮಧ್ಯಾಹ್ನ ವಿಭೂತಿ ಬೆವರಿನೊಂದಿಗೆ ಇಳಿದುಹೋದ ಮೇಲೆ ಫೋನು ನನ್ನನ್ನು ನಾನಲ್ಲ ಎಂದಿತು. ಮತ್ತೆ ಹಚ್ಚಿಕೊಂಡಾಗ ಹೌದು ಎಂದಿತು.

ಫೋಟೋ ಬದಲಿಸಲು ಅದೇ ಆಫೀಸಿಗೆ ಹೋದೆ. ಮೇಜಿನ ಹಿಂದಿದ್ದ ತರುಣಿ ಮೈಸೂರು ಕಡೆಯವಳು. ಈ ಮರಾಠಿ ನಾಡಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ನನಗೆ ಜೀವ ಬಂದಂತಾಯಿತು.

“ಫೋಟೋ ಚೇಂಜ್ ಮಾಡಿದ್ರೆ ಅಕೌಂಟ್ ಬ್ಲಾಕ್ ಆಗುತ್ತೆ ಅಂಕಲ್. ಪೊಲೀಸ್ ವೆರಿಫಿಕೇಶನ್‌ನಿಂದ ಎಲ್ಲಾ ಹೊಸದಾಗಿ ಆಗ್ಬೇಕು. ರೂಲ್ ಹಾಗಿದೆ,” ಎಂದಳು.

“ಎಷ್ಟ ದಿನಾ ಹಿಡಿತದವಾ? ಅಲ್ಲೀತನಾ ಹೊಟ್ಟಿಗೇನ್ ತಿನ್ನೂದು?”

“ಹೇಳಕ್ಕಾಗಲ್ಲ. ಸುಮ್ನೆ ಅದನ್ನ ಹಚ್ಕೊಂಡೇ ಲಾಗಿನ್ ಮಾಡಿ.”

ಅಂದಿನಿಂದ ವಿಭೂತಿಯ ಗಟ್ಟಿ ಆಟೋದ ಡಬ್ಬಿ ಸೇರಿತು, ಬೀಡಿ ಕಟ್ಟು ಮತ್ತು ಗ್ರೀಸ್ ಒರೆಸುವ ಚಿಂದಿಯ ಪಕ್ಕದಲ್ಲಿ. ನಮ್ಮವ್ವ ಸ್ನಾನ ಮಾಡದೆ ಅದನ್ನು ಮುಟ್ಟಗೊಡುತ್ತಿರಲಿಲ್ಲ. ನಾನು ಪ್ಲಗ್ ಬಿಚ್ಚಿದ ಕೈಯಲ್ಲಿ ಮುಟ್ಟಿದೆ. ರಸ್ತೆ ಬದಿಗೆ ಮೂತ್ರಕ್ಕೆ ಹೋಗಿ ಬಂದ ಕೈಯಲ್ಲೂ ಮುಟ್ಟಿದೆ. ಒಮ್ಮೆ ಫ್ಲೈಓವರ್ ಕೆಳಗೆ ಬಾಟಲಿಯಲ್ಲಿ ಹನಿ ನೀರಿರಲಿಲ್ಲ. ಉಗುಳು ಹಚ್ಚಿ ತೇದು ಹಣೆಗೆ ಬಳಿದುಕೊಂಡೆ. ಫೋನು ಹಸಿರು ಗುರುತು ತೋರಿಸಿ ಸ್ವಾಗತ ಎಂದಿತು. ಆ ಫೋನಿನ ಮೇಲೆ, ಆ ನಿಯಮದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಹಣೆಯ ಮೇಲೆ ಅಸಹ್ಯ ಹುಟ್ಟಿತು. ಆದರೂ ಬಾಡಿಗೆಗೆ ಹೋದೆ.

ಮನೆಯ ಪೂಜೆಯನ್ನಾದರೂ ಶುದ್ಧವಾಗಿ ಉಳಿಸಿಕೊಳ್ಳಬೇಕೆಂದು ದೇವರ ಜಗುಲಿಯ ಮೇಲೆ ಬೇರೆಯೇ ಗಟ್ಟಿ ತಂದಿಟ್ಟೆ. ಮೊನ್ನೆ ಬೆಳಿಗ್ಗೆ ಸ್ನಾನ ಮಾಡಿ, ಅದನ್ನೇ ಹಚ್ಚಿಕೊಂಡು, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ಹಿಂದಿನಿಂದ ಹೆಂಡತಿ ಗದರಿದಳು.

“ಏನ್ರೀ ಇದು? ಪೂಜಿಗಿ ಕುಂತು ಹಂಗ್ಯಾಕ ಆ ಕಡಿ ಈ ಕಡಿ ಗೋಣ ಹೊಳ್ಳಸಾಕತ್ತೀರಿ?”

ಆಗ ಎಚ್ಚರವಾಯಿತು. ಲಿಂಗದ ಎದುರು ಕಣ್ಣು ಮಿಟುಕಿಸಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ನಾನು ಒಪ್ಪಿಗೆಗಾಗಿ ಕಾಯುತ್ತಿದ್ದೆ.