ನಾನು ಕೊಡದೆ ಉಳಿಸಿಕೊಂಡ ಪಾಸ್‌ವರ್ಡ್

ಭೀಮರಾಯನಗುಡಿಯ ಕಾಲುವೆ ಕಚೇರಿಯೊಂದರಲ್ಲಿ ನಾನು ಗುಮಾಸ್ತೆಯಾಗಿದ್ದಾಗ ಅಲ್ಲಿನ ಪಾಸ್‌ವರ್ಡುಗಳೆಲ್ಲ ನನ್ನ ತಲೆಯಲ್ಲಿದ್ದವು. ಬಿಲ್ಲಿನದು, ಬೆಳೆಯದು, ಯಾವ ಊರಿಗೆ ಯಾವಾಗ ನೀರು ಎಂಬ ಪಾಳಿಯದು. ಹೊಸ ಸಾಹೇಬರು ಬಂದರೆ ಅವರ ಊರಿನ ಹೆಸರಿಗೆ ಒಂದೆರಡು ಅಂಕಿ ಸೇರಿಸಿ ಪಾಸ್‌ವರ್ಡ್ ಮಾಡುವುದು ನಮ್ಮಲ್ಲಿ ರೂಢಿ. ಅವರಿಗೆ ವರ್ಗವಾದರೆ ಅದಕ್ಕೂ ವರ್ಗ. "ಅಕ್ಕಾರ, ಪಾಳಿದೇನ್ರಿ?" ಎಂದು ಆ ಮೂಲೆಯಿಂದ ಯಾರಾದರೂ ಕೇಳಿದರೆ ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದೆ. ಒಂದು ದಿನ ಅರ್ಜಿ ಹಿಡಿದು ನಿಂತಿದ್ದ ಕೆಂಭಾವಿ ಕಡೆಯ ರೈತರೊಬ್ಬರು ನನಗಿಂತ ಮೊದಲೇ ಹೇಳಿಬಿಟ್ಟರು. ಎಲ್ಲರೂ ನಕ್ಕರು. ಸುರಪುರದಿಂದ ಹೊಸದಾಗಿ ಬಂದಿದ್ದ ಗುಮಾಸ್ತೆ ಮಾತ್ರ ನಗಲಿಲ್ಲ.

ಸಾಹೇಬರ ಮಾತಿನಂತೆ ಪಾಳಿಯ ಪಾಸ್‌ವರ್ಡನ್ನು ನಾನೇ ಬದಲಿಸಿದೆ. ಹೊಸದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಆ ಹೊಸ ಗುಮಾಸ್ತೆ ಸಾಹೇಬರನ್ನು ಒಪ್ಪಿಸಿ ಒಂದು ಸರ್ವರ್ ಹಾಕಿಸಿದಳು. ಪಾಸ್‌ವರ್ಡುಗಳು ಅದರೊಳಗೆ ಗೂಢಲಿಪಿಯಲ್ಲಿರುತ್ತವೆ, ಕದ್ದೊಯ್ದರೂ ಓದಲಾಗದು. ಯಾರಿಗೆ ಯಾವುದು ಬೇಕೋ ಅದಷ್ಟೇ ಅವರಿಗೆ ತೆರೆಯುತ್ತದೆ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಈ ಕೊನೆಯ ಮಾತು ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ಕೇಳಬೇಕಾಗಿಲ್ಲ ಎಂದರೆ ನನ್ನನ್ನು ಯಾರು ಮಾತಾಡಿಸುತ್ತಾರೆ? ಆಗಲೇ ಎಲ್ಲರೂ ಅವಳ ಮೇಜಿನ ಸುತ್ತ ಸೇರತೊಡಗಿದ್ದರು. ಅವಳ ಡಬ್ಬಿಯ ಶೇಂಗಾ ಚಟ್ನಿಯೂ ಬಲು ರುಚಿಯಂತೆ. ನಾನು ಮುಟ್ಟಲಿಲ್ಲ.

ಅವಳು ಒಂದೊಂದೇ ಪಾಸ್‌ವರ್ಡ್ ನನ್ನಿಂದ ಕೇಳಿ ಬರೆದುಕೊಂಡಳು. ಪಾಳಿಯದು ಬಂದಾಗ "ಅದು ನಾಳೆ ಹೇಳ್ತೀನಿ ತಡಿ" ಎಂದೆ. ಮರುದಿನದಿಂದ ಎರಡು ದಿನ ರಜೆ ಹಾಕಿ ರಾಮಸಮುದ್ರದ ಅಕ್ಕನ ಮನೆಗೆ ಹೋಗಿಬಿಟ್ಟೆ. ಅಂದೇ ಹೊಸ ಪಾಳಿ ಎಂಟ್ರಿ ಆಗಬೇಕಿತ್ತು. ಆಗದಿದ್ದರೆ ಕಾಲುವೆಯ ಕೊನೆಯ ಹೊಲಗಳಿಗೆ ಗೇಟು ಎತ್ತುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೋದೆ.

ರೊಟ್ಟಿ ಬಡಿಯುವಾಗಲೂ ಫೋನು ಪಕ್ಕದಲ್ಲಿತ್ತು. ಆ ಗುಮಾಸ್ತೆ ಫೋನ್ ಮಾಡಿ ಬೇಡಿಕೊಳ್ಳಬೇಕು, ನಾನು ಎರಡು ಸಲ ಕೇಳಿಸಲಿಲ್ಲ ಎನ್ನಬೇಕು, ಆಮೇಲೆ ಹೇಳಬೇಕು.

"ಯಾರ ಫೋನ್ ಕಾಯಾಕತ್ತಿ?" ಅಕ್ಕ ಕೇಳಿದಳು.

ಆಫೀಸಿನದು ಎಂದೆ. ಎರಡು ದಿನವೂ ಬರಲಿಲ್ಲ.

ಹಿಂದಿರುಗಿ ನೋಡಿದರೆ ಪಾಳಿಯ ಎಂಟ್ರಿ ಆಗಿತ್ತು, ನೀರೂ ಹೋಗಿತ್ತು. ಸಾಹೇಬರ ಮೊಬೈಲಿಗೆ ಓಟಿಪಿ ತರಿಸಿಕೊಂಡು ಅವಳು ಹೊಸ ಪಾಸ್‌ವರ್ಡ್ ಮಾಡಿ ಸರ್ವರಿಗೆ ಸೇರಿಸಿದ್ದಳು.

"ನನಗ್ಯಾಕ ಫೋನ್ ಮಾಡ್ಲಿಲ್ಲ?" ಎಂದೆ. ದನಿ ತುಸು ಗಟ್ಟಿಯಾಗಿಯೇ ಬಂತು.

"ರಜಾದಾಗ ನಿಮಗ್ಯಾಕ ತ್ರಾಸ ಅಂತ ಮಾಡ್ಲಿಲ್ರಿ ಅಕ್ಕಾರ. ಹೇಳೂದು ಮರ್ತೀರಿ, ಪಾಸ್‌ವರ್ಡೂ ಮರ್ತಿರಬೇಕು ಅಂದ್ಕೊಂಡೆ. ಸಾಹೇಬ್ರು ಕೇಳಿದ್ರು, ಹಂಗ ಹೇಳೀನ್ರಿ."

ಅವಳ ಮುಖದಲ್ಲಿ ವ್ಯಂಗ್ಯ ಹುಡುಕಿದೆ, ಸಿಗಲಿಲ್ಲ. ಆ ಒಳ್ಳೆಯತನಕ್ಕೂ ಹೊಟ್ಟೆ ಉರಿಯಿತು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಪಾಸ್‌ವರ್ಡನ್ನೂ ಮರೆತವಳಲ್ಲ ನಾನು. ಹಾಗೆ ಹೇಳಿದರೆ ಬೇಕೆಂದೇ ಮುಚ್ಚಿಟ್ಟದ್ದು ಹೊರಬೀಳುತ್ತಿತ್ತು. ಕಚೇರಿಯವರೆಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಹೌದವ್ವಾ, ಮರ್ತಿದ್ದೆ" ಎಂದೆ.